ಮೂಕಪ್ರಾಣಿಯ ನೋವಿಗೆ ಎಷ್ಟು ಜುಲ್ಮಾನೆ?

ಒಂದು ಸಮಾಜವು ಯಾವ ತಪ್ಪನ್ನು ಎಷ್ಟು ದೊಡ್ಡದೆಂದು ಎಣಿಸುತ್ತದೆ ಎಂಬುದನ್ನು ತಿಳಿಯಲು ಅದರ ಸಭೆಗಳಲ್ಲಿ ಆಡುವ ಮಾತನ್ನು ಕೇಳಿದರೆ ಸಾಲದು. ಅದರ ಕಾಯಿದೆಯ ಪುಸ್ತಕದಲ್ಲಿ ಆ ತಪ್ಪಿನ ಎದುರಿಗೆ ಬರೆದಿರುವ ಅಂಕಿಯನ್ನು ನೋಡಬೇಕು. ಪ್ರಾಣಿದಯೆಯ ವಿಷಯದಲ್ಲಿ ನಮ್ಮಷ್ಟು ಒಳ್ಳೆಯ ಮಾತನಾಡಿದ ಜನ ಬೇರೊಬ್ಬರು ಇರಲಾರರು. ಬುದ್ಧ ಮಹಾವೀರರು ನಡೆದಾಡಿದ ನೆಲ ಇದು. ಹಸುವನ್ನು ತಾಯಿಯೆಂದು ಕರೆಯುತ್ತೇವೆ, ಬಸವನ ಕೊರಳಿಗೆ ಹೂವಿನ ಹಾರ ಹಾಕುತ್ತೇವೆ, ಹುತ್ತಕ್ಕೆ ಹಾಲೆರೆಯುತ್ತೇವೆ. ಇಷ್ಟೆಲ್ಲಾ ಆದಮೇಲೆ ೧೯೬೦ರ ಪ್ರಾಣಿಹಿಂಸೆ ತಡೆ ಕಾಯಿದೆಯ ಹನ್ನೊಂದನೆಯ ಕಲಮನ್ನು ತೆರೆದು ನೋಡಿದರೆ, ಪ್ರಾಣಿಯನ್ನು ಹೊಡೆದವನಿಗೆ, ಹೊರಲಾರದ ಹೊರೆ ಹೇರಿದವನಿಗೆ, ಅನ್ನನೀರಿಲ್ಲದೆ ಕಟ್ಟಿಹಾಕಿದವನಿಗೆ, ಅಷ್ಟೇಕೆ, ಅನಾವಶ್ಯಕವಾದ ಕ್ರೂರ ರೀತಿಯಲ್ಲಿ ಕೊಂದವನಿಗೂ ಮೊದಲ ಸಲದ ತಪ್ಪಿಗೆ ಇರುವ ಜುಲ್ಮಾನೆ ೧೦ ರೂಪಾಯಿಗೆ ಕಡಮೆಯಿಲ್ಲದಂತೆ ೫೦ ರೂಪಾಯಿಯವರೆಗೆ! ಇಂದು ಬೆಂಗಳೂರಿನ ಸಾಧಾರಣ ಹೋಟೆಲಿನಲ್ಲಿಯೂ ೧೦ ರೂಪಾಯಿಗೆ ಒಂದು ಲೋಟ ಕಾಫಿ ಸಿಗುವುದು ಕಷ್ಟ.

ಈ ಅಂಕಿ ಎಲ್ಲಿಂದ ಬಂತು, ಹೇಗೆ ಉಳಿಯಿತು, ಅದನ್ನು ಏರಿಸಬೇಕೆಂದು ಎದ್ದಿರುವ ಕೂಗಿನಲ್ಲಿ ಎಷ್ಟು ನ್ಯಾಯವಿದೆ ಎಂಬುದನ್ನು ವಿಚಾರಿಸುತ್ತ ಹೋದಾಗ ನನಗೆ ಕಂಡ ಚರಿತ್ರೆ ಬಹಳ ಸ್ವಾರಸ್ಯವಾದದ್ದು. ಅದನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ನಮ್ಮ ಹಳೆಯ ಕಾಲವನ್ನೇ ನೋಡೋಣ. ಕೌಟಿಲ್ಯನ ಅರ್ಥಶಾಸ್ತ್ರವು ಆಧುನಿಕ ಪ್ರಪಂಚಕ್ಕೆ ದೊರೆತದ್ದು ಮೈಸೂರಿನಿಂದ ಎಂಬುದನ್ನು ಕನ್ನಡಿಗರು ಹೆಮ್ಮೆಯಿಂದ ನೆನೆಯಬೇಕು. ತಂಜಾವೂರಿನ ಕಡೆಯ ಪಂಡಿತರೊಬ್ಬರು ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಒಪ್ಪಿಸಿದ ತಾಳೆಗರಿಯ ಪ್ರತಿಯನ್ನು ಆರ್. ಶಾಮಾಶಾಸ್ತ್ರಿಗಳು ೧೯೦೫ರಲ್ಲಿ ಗುರುತಿಸಿದರು. ೧೯೦೯ರಲ್ಲಿ ಅದು ಅಚ್ಚಾಯಿತು. ಗ್ರಂಥದ ಕಾಲದ ವಿಷಯದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಆದರೆ ಅದರೊಳಗಿನ ದಂಡದ ಲೆಕ್ಕ ಮಾತ್ರ ಬಹು ಸ್ಪಷ್ಟವಾಗಿದೆ. ಕರು, ಹೋರಿ, ಕರೆಯುವ ಹಸು ಇವುಗಳನ್ನು ಕೊಲ್ಲಕೂಡದು; ಕೊಂದವನಿಗೂ, ಹಿಂಸಿಸಿ ಸಾಯಿಸಿದವನಿಗೂ ೫೦ ಪಣ ದಂಡ. ಇನ್ನೊಂದು ಅಧ್ಯಾಯದಲ್ಲಿ ಹೊಡೆತದ ಮಾತು ಬರುತ್ತದೆ. ಸಣ್ಣ ಪ್ರಾಣಿಗಳಿಗೆ ಕೋಲು ಮೊದಲಾದವುಗಳಿಂದ ನೋವು ಮಾಡಿದರೆ ಒಂದು ಅಥವಾ ಎರಡು ಪಣ. ರಕ್ತ ಬಂದರೆ ಅದರ ಎರಡರಷ್ಟು. ದೊಡ್ಡ ಪ್ರಾಣಿಯಾದರೆ ಈ ದಂಡವೂ ಇಮ್ಮಡಿ, ಅದರ ಮೇಲೆ ಆ ಪ್ರಾಣಿ ಗುಣವಾಗಿ ಎದ್ದು ನಿಲ್ಲುವವರೆಗಿನ ಚಿಕಿತ್ಸೆಯ ವೆಚ್ಚ. ಈ ಕೊನೆಯ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದು ನಮಗೆ ಬೇಕಾಗುತ್ತದೆ. ಕೌಟಿಲ್ಯನು ಮೃದುಹೃದಯನೆಂದು ಯಾರೂ ಹೇಳಿದ್ದಿಲ್ಲ. ರಾಜ್ಯದ ಸಂಪತ್ತು ಕೆಡಬಾರದು ಎಂಬ ಲೆಕ್ಕಾಚಾರವೇ ಅವನದು. ಆದರೂ ಗಾಯವಾದದ್ದಕ್ಕೂ ರಕ್ತ ಬಂದದ್ದಕ್ಕೂ ವ್ಯತ್ಯಾಸವನ್ನು ಅವನು ಕಂಡನು.

ಅಶೋಕನ ದಾರಿ ಬೇರೆ. ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಬಿ. ಎಲ್. ರೈಸ್ ಅವರು ೧೮೯೨ರಲ್ಲಿ ಕಂಡುಹಿಡಿದ ಬಂಡೆಗಲ್ಲಿನ ಶಾಸನಗಳಲ್ಲಿ, ತಂದೆತಾಯಿಯ ಮಾತು ಕೇಳಬೇಕು, ಸತ್ಯ ನುಡಿಯಬೇಕು ಎಂಬುದರ ಜೊತೆಗೇ ಪ್ರಾಣಿಗಳಲ್ಲಿ ದೃಢವಾದ ಕರುಣೆ ಇರಬೇಕೆಂಬ ಉಪದೇಶವೂ ಇದೆ. ಉತ್ತರದ ಸ್ತಂಭಶಾಸನಗಳಲ್ಲಿ ಆತನು ಪಟ್ಟಾಭಿಷಿಕ್ತನಾದ ಇಪ್ಪತ್ತಾರನೆಯ ವರ್ಷದಲ್ಲಿ ಕೊಲ್ಲಬಾರದ ಪ್ರಾಣಿಪಕ್ಷಿಗಳ ಉದ್ದವಾದ ಪಟ್ಟಿಯನ್ನೇ ಕೆತ್ತಿಸಿದ. ಗಬ್ಬವಾದ ಅಥವಾ ಹಾಲೂಡಿಸುತ್ತಿರುವ ಆಡು, ಕುರಿ, ಹಂದಿಗಳೂ ಆರು ತಿಂಗಳು ತುಂಬದ ಮರಿಗಳೂ ಆ ಪಟ್ಟಿಯಲ್ಲಿವೆ. ಅಲ್ಲಿ ಜುಲ್ಮಾನೆಯ ಅಂಕಿ ಕಾಣುವುದಿಲ್ಲ. ಏಳನೆಯ ಸ್ತಂಭಶಾಸನದಲ್ಲಿ ಆತನೇ ತನ್ನ ಅನುಭವವನ್ನು ತೋಡಿಕೊಂಡಿದ್ದಾನೆ: ಧರ್ಮವು ಬೆಳೆಯುವುದಕ್ಕೆ ಎರಡು ದಾರಿಗಳುಂಟು, ಕಟ್ಟಳೆಯೊಂದು, ಮನವೊಲಿಸುವುದೊಂದು, ಕಟ್ಟಳೆಯಿಂದ ಆದದ್ದು ಸ್ವಲ್ಪ, ಮನವೊಲಿಕೆಯಿಂದ ಆದದ್ದೇ ಹೆಚ್ಚು ಎಂಬುದು ಆ ಮಾತಿನ ಸಾರಾಂಶ. ಪ್ರಾಣಿಹಿಂಸೆಗೆ ಶಿಕ್ಷೆ ಹೆಚ್ಚಬೇಕೆಂಬ ಮಾತು ಬಂದಾಗಲೆಲ್ಲ ಕೆಲವರು ಇದನ್ನೇ ಎತ್ತಿ ಹೇಳುತ್ತಾರೆ. ಆದರೆ ಅಶೋಕನು ಕಟ್ಟಳೆಯನ್ನು ಬಿಟ್ಟುಬಿಡಲಿಲ್ಲ. ಕಟ್ಟಳೆ ಮಾಡಿ, ಕಲ್ಲಿನ ಮೇಲೆ ಕೆತ್ತಿಸಿ, ಆಮೇಲೆ ಅದರ ಮಿತಿಯನ್ನು ಹೇಳಿದ ಎಂಬುದನ್ನು ಮರೆಯಬಾರದು.

ಈಗ ನಡೆಯುತ್ತಿರುವ ನಮ್ಮ ಕಾಯಿದೆ ಮಾತ್ರ ಕೌಟಿಲ್ಯನಿಂದಾಗಲಿ ಅಶೋಕನಿಂದಾಗಲಿ ನೇರವಾಗಿ ಇಳಿದು ಬಂದದ್ದಲ್ಲ. ಅದರ ಮೂಲ ಇಂಗ್ಲೆಂಡಿನಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಆ ದೇಶ ಪ್ರಾಣಿದಯೆಗೆ ಹೆಸರಾದದ್ದಾಗಿರಲಿಲ್ಲ. ಗೂಟಕ್ಕೆ ಕಟ್ಟಿದ ಹೋರಿಯ ಮೇಲೆ ನಾಯಿಗಳನ್ನು ಛೂ ಬಿಟ್ಟು ನೋಡುವುದು ಅಲ್ಲಿನ ಜನಪ್ರಿಯ ವಿನೋದವಾಗಿತ್ತು. ಅದನ್ನು ನಿಲ್ಲಿಸುವ ಮಸೂದೆ ೧೮೦೦ರಲ್ಲಿ ಕಾಮನ್ಸ್ ಸಭೆಯಲ್ಲಿ ಎರಡೇ ಮತಗಳಿಂದ ಬಿದ್ದುಹೋಯಿತು. ವಿಂಡಮ್ ಎಂಬ ಸದಸ್ಯರು ಎತ್ತಿದ ಆಕ್ಷೇಪಣೆ ಕುತೂಹಲಕರವಾದದ್ದು: ಶ್ರೀಮಂತರು ಕುದುರೆಯೇರಿ ಬೇಟೆಯಾಡಬಹುದಾದರೆ ಬಡವನ ಮೋಜನ್ನು ಮಾತ್ರ ಏಕೆ ಕಸಿಯಬೇಕು? ೧೮೦೯ರಲ್ಲಿ ಎರ್ಸ್ಕಿನ್ ಪ್ರಭುಗಳು ತಂದ ಮಸೂದೆ ಲಾರ್ಡ್ಸ್ ಸಭೆಯನ್ನು ದಾಟಿ ಕಾಮನ್ಸ್ ಸಭೆಯಲ್ಲಿ ಮುಳುಗಿತು. ೧೮೨೧ರಲ್ಲಿ ಐರ್ಲೆಂಡಿನ ಗಾಲ್ವೇ ಪ್ರತಿನಿಧಿ ರಿಚರ್ಡ್ ಮಾರ್ಟಿನ್ ಪುನಃ ಪ್ರಯತ್ನಿಸಿದಾಗ, ಕತ್ತೆಗಳಿಗೂ ರಕ್ಷಣೆ ಬೇಕೆಂದು ಯಾರೋ ಸೂಚಿಸಿದ್ದಕ್ಕೆ ಸಭೆ ಬಿದ್ದು ಬಿದ್ದು ನಕ್ಕಿತಂತೆ. ಇಂದು ಕತ್ತೆ, ನಾಳೆ ನಾಯಿ, ನಾಳಿದ್ದು ಬೆಕ್ಕು ಎಂದು ಹಾಸ್ಯ ಮಾಡಿದರಂತೆ.

ಮಾರ್ಟಿನ್ ಸುಮ್ಮನಿರುವ ಆಸಾಮಿಯಲ್ಲ. ಮರುವರ್ಷ, ಎಂದರೆ ೧೮೨೨ರ ಜುಲೈ ತಿಂಗಳಲ್ಲಿ, ಅವನ ಕಾಯಿದೆ ಜಾರಿಗೆ ಬಂತು. ಕುದುರೆ, ಕತ್ತೆ, ದನ, ಕುರಿ ಇವುಗಳನ್ನು ಕ್ರೂರವಾಗಿ ಹೊಡೆದವನಿಗೆ ೧೦ ಷಿಲಿಂಗಿಗೆ ಕಡಮೆಯಿಲ್ಲದೆ ೫ ಪೌಂಡಿನವರೆಗೆ ಜುಲ್ಮಾನೆ. ತೆರದಿದ್ದರೆ ಮೂರು ತಿಂಗಳವರೆಗೆ ಸೆರೆ. ಕಾಯಿದೆ ಬಂದರೂ ಅದನ್ನು ನಡೆಸುವವರಿರಲಿಲ್ಲ. ಮಾರ್ಟಿನ್ ತಾನೇ ಲಂಡನ್ನಿನ ಬೀದಿಗಳಲ್ಲಿ ಅಲೆದು ತಪ್ಪಿತಸ್ಥರನ್ನು ಹಿಡಿದು ನ್ಯಾಯಸ್ಥಾನಕ್ಕೆ ಎಳೆತರುತ್ತಿದ್ದ. ಬಿಲ್ ಬರ್ನ್ಸ್ ಎಂಬ ಬೀದಿ ವ್ಯಾಪಾರಿ ತನ್ನ ಕತ್ತೆಯನ್ನು ಬಡಿದ ಮೊಕದ್ದಮೆಯಲ್ಲಿ ಆ ಕತ್ತೆಯನ್ನೇ ಕೋರ್ಟಿನೊಳಗೆ ತಂದು ನಿಲ್ಲಿಸಿ ಅದರ ಗಾಯಗಳನ್ನು ಮ್ಯಾಜಿಸ್ಟ್ರೇಟರಿಗೆ ತೋರಿಸಿದನೆಂದು ಕಥೆ. ಆ ದೃಶ್ಯದ ವರ್ಣಚಿತ್ರವೂ ಇದೆ. ಇದಕ್ಕಿಂತ ನನ್ನ ಮನಸ್ಸಿಗೆ ಹಿಡಿಸಿದ್ದು ಇನ್ನೊಂದು ಸಂಗತಿ. ತಪ್ಪಿತಸ್ಥ ತೀರ ಬಡವನಾದರೆ ಅವನ ಜುಲ್ಮಾನೆಯಲ್ಲಿ ಪಾಲನ್ನು ಮಾರ್ಟಿನ್ ತನ್ನ ಕಿಸೆಯಿಂದಲೇ ಕೊಡುತ್ತಿದ್ದನಂತೆ. ಕತ್ತೆಯ ನೋವನ್ನೂ ಕತ್ತೆಯವನ ಬಡತನವನ್ನೂ ಒಟ್ಟಿಗೆ ಕಂಡ ಕಣ್ಣು ಅದು.

೧೮೨೪ರ ಜೂನ್ ೧೬ರಂದು ಲಂಡನ್ನಿನ ಒಂದು ಕಾಫಿ ಹೋಟೆಲಿನಲ್ಲಿ ಕೆಲವರು ಸೇರಿ ಪ್ರಾಣಿಹಿಂಸಾ ನಿವಾರಣ ಸಂಘವನ್ನು ಸ್ಥಾಪಿಸಿದರು. ಪಾದ್ರಿ ಆರ್ಥರ್ ಬ್ರೂಮ್ ಅದರ ಮೊದಲ ಕಾರ್ಯದರ್ಶಿ. ಗುಲಾಮಗಿರಿಯ ವಿರುದ್ಧ ಹೋರಾಡಿದ ವಿಲ್ಬರ್‌ಫೋರ್ಸ್ ಕೂಡ ಅವರೊಡನೆ ಇದ್ದರು. ಸಂಘದ ಸಾಲಕ್ಕೆ ಜಾಮೀನಾಗಿದ್ದ ಬ್ರೂಮ್ ಕೆಲಕಾಲ ಸೆರೆಮನೆಯನ್ನೂ ಕಂಡರು. ೧೮೪೦ರಲ್ಲಿ ವಿಕ್ಟೋರಿಯಾ ರಾಣಿಯ ಅನುಗ್ರಹದಿಂದ ಸಂಘದ ಹೆಸರಿಗೆ 'ರಾಯಲ್' ಸೇರಿತು. ಆ ದೇಶದಲ್ಲಿ ಅಂಕಿ ಏರುತ್ತ ಏರುತ್ತ ಬಂದು, ೨೦೨೧ರ ಜೂನ್ ತಿಂಗಳಿಂದ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಪ್ರಾಣಿಹಿಂಸೆಗೆ ಐದು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾಗಿದೆ. ಅದಕ್ಕೆ ಹಿಂದೆ ಆರು ತಿಂಗಳೇ ಮಿತಿಯಾಗಿತ್ತು.

ಇಂಗ್ಲೆಂಡಿನ ಈ ಗಾಳಿ ನಮ್ಮ ದೇಶಕ್ಕೆ ಕಲ್ಕತ್ತೆಯ ಮೂಲಕ ಬೀಸಿತು. ಕೋಲ್ಸ್‌ವರ್ದಿ ಗ್ರಾಂಟ್ ಎಂಬ ಚಿತ್ರಕಾರರು ೧೮೬೧ರಲ್ಲಿ ಅಲ್ಲಿ ಪ್ರಾಣಿಹಿಂಸಾ ನಿವಾರಣ ಸಂಘವನ್ನು ಕಟ್ಟಿದರು. ರೈಟರ್ಸ್ ಬಿಲ್ಡಿಂಗಿನ ಎದುರಿಗೆ ಅವರ ಸ್ಮಾರಕಸ್ತಂಭ ಇದೆ. ೧೮೬೯ರಲ್ಲಿ ಬಂಗಾಳದ ಶಾಸನಸಭೆ ಒಂದು ಕಾಯಿದೆ ಮಾಡಿತು. ೧೮೯೦ರಲ್ಲಿ ಬ್ರಿಟಿಷ್ ಇಂಡಿಯಾಕ್ಕೆಲ್ಲ ಅನ್ವಯಿಸುವ ಕಾಯಿದೆ ಬಂತು. ಅದರಲ್ಲಿ ಹೊಡೆತ, ಅತಿಹೊರೆ ಇವುಗಳಿಗೆ ೧೦೦ ರೂಪಾಯಿವರೆಗೆ ಜುಲ್ಮಾನೆ, ಅಥವಾ ಮೂರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಆದರೆ ಒಂದು ವಿಚಿತ್ರ! ತಪ್ಪು ನಡೆದದ್ದು ಬೀದಿಯಲ್ಲಿ, ಇಲ್ಲವೆ ಜನರ ಕಣ್ಣಿಗೆ ಬೀಳುವ ಜಾಗದಲ್ಲಿ ಆಗಿರಬೇಕು. ಮನೆಯ ಹಿತ್ತಲಲ್ಲಿ ಗೋಡೆಯ ಮರೆಯಲ್ಲಿ ಬಡಿದರೆ ಕಾಯಿದೆ ಕಣ್ಣುಮುಚ್ಚಿಕೊಳ್ಳುತ್ತಿತ್ತು. ಪ್ರಾಣಿಗೆ ಆದ ನೋವಿಗಿಂತ ನೋಡುವ ಸಭ್ಯರ ಮನಸ್ಸಿಗೆ ಆಗುವ ಕಸಿವಿಸಿಯೇ ಅಪರಾಧವೆಂದು ಎಣಿಸಿದ ಹಾಗಿತ್ತು.

ಇದರ ಜೊತೆಗೆ ೧೮೬೦ರ ಇಂಡಿಯನ್ ಪೀನಲ್ ಕೋಡಿನಲ್ಲಿ ಎರಡು ಕಲಮುಗಳಿದ್ದವು. ೧೦ ರೂಪಾಯಿ ಅಥವಾ ಹೆಚ್ಚು ಬೆಲೆಯ ಪ್ರಾಣಿಯನ್ನು ಕೊಂದರೆ, ವಿಷವಿಕ್ಕಿದರೆ, ಅಂಗಹೀನ ಮಾಡಿದರೆ ಎರಡು ವರ್ಷಗಳವರೆಗೆ ಸಜಾ. ಆನೆ, ಒಂಟೆ, ಕುದುರೆ, ಎಮ್ಮೆ, ಹಸು, ಎತ್ತು ಮೊದಲಾದವಾದರೆ, ಅಥವಾ ೫೦ ರೂಪಾಯಿ ಬೆಲೆಬಾಳುವ ಇನ್ನಾವ ಪ್ರಾಣಿಯಾದರೂ ಐದು ವರ್ಷಗಳವರೆಗೆ. ಶಿಕ್ಷೆ ಗಟ್ಟಿಯಾದದ್ದೇ. ಆದರೆ ಈ ಕಲಮುಗಳು ನಿಂತದ್ದು ಆಸ್ತಿಪಾಸ್ತಿಯ ಅಪರಾಧಗಳ ಅಧ್ಯಾಯದಲ್ಲಿ. ಕಾಯಿದೆ ನೋಡುತ್ತಿದ್ದದ್ದು ಒಡೆಯನಿಗೆ ಆದ ನಷ್ಟವನ್ನು. ಸಂತೆಯಲ್ಲಿ ಬೆಲೆ ಕಟ್ಟಲಾಗದ ಬೀದಿನಾಯಿಯ ಗೋಳನ್ನು ಈ ತಕ್ಕಡಿಯಲ್ಲಿ ತೂಗುವುದು ಹೇಗೆ?

ಕಾಯಿದೆಯ ಭಾರ ಯಾರ ಮೇಲೆ ಬಿತ್ತೆಂಬುದಕ್ಕೆ ಕಲ್ಕತ್ತೆಯ ಬೀದಿಯೇ ಸಾಕ್ಷಿ. ಬೇಸಿಗೆಯ ನಡುಮಧ್ಯಾಹ್ನದಲ್ಲಿ ಕೋಣದ ಗಾಡಿಗಳನ್ನು ಹೊಡೆಯಕೂಡದೆಂದು ಅಲ್ಲಿ ಕಟ್ಟಳೆಯಾಯಿತು. ಕೋಣಕ್ಕೆ ಬಿಸಿಲು ತಡೆಯುವ ಶಕ್ತಿ ಕಡಮೆ. ಕಟ್ಟಳೆಯ ಹಿಂದಿನ ದಯೆ ನಿಜವಾದದ್ದೇ. ಆದರೆ ಆ ಗಂಟೆಗಳ ಕೂಲಿ ಹೋದದ್ದು ಗಾಡಿಯವನದು. ಸರಕಿನ ಮಾಲೀಕನ ಗಂಟೇನೂ ಹೋಗಲಿಲ್ಲ. ೧೯೩೦ರ ಏಪ್ರಿಲ್ ಒಂದರಂದು ಗಾಡಿಯವರು ಮುಷ್ಕರ ಹೂಡಿ ರಸ್ತೆಗಳಿಗೆ ಅಡ್ಡವಾಗಿ ಗಾಡಿಗಳನ್ನು ನಿಲ್ಲಿಸಿದರು. ಪೊಲೀಸರು ಗುಂಡು ಹಾರಿಸಿದರು, ಜೀವಗಳು ಹೋದವು. ಮೂಕಪ್ರಾಣಿಯ ಮೇಲಿನ ಕರುಣೆಗಾಗಿ ಹುಟ್ಟಿದ ಕಟ್ಟಳೆಯೊಂದು ಮನುಷ್ಯರ ರಕ್ತ ಚೆಲ್ಲುವುದಕ್ಕೆ ಕಾರಣವಾದ ಈ ಪ್ರಸಂಗವನ್ನು, ಶಿಕ್ಷೆ ಬಿಗಿಯಾಗಬೇಕೆಂದು ವಾದಿಸುವ ನನ್ನಂಥವರು ಮರೆಯುವ ಹಾಗಿಲ್ಲ.

ನಮ್ಮ ಊರುಗಳ ಜಟಕಾಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾನು ಚಿಕ್ಕವನಾಗಿದ್ದಾಗ ನಮ್ಮ ಬೀದಿಯ ಕೊನೆಯಲ್ಲಿ ಜಟಕಾದವರ ಮನೆಗಳು ಮೂರು ನಾಲ್ಕಿದ್ದವು. ಬಾಡಿಗೆ ಸಿಕ್ಕದ ದಿನ ಕುದುರೆಗೆ ಹುರುಳಿ ಮೊದಲೋ ಮಕ್ಕಳಿಗೆ ಮುದ್ದೆ ಮೊದಲೋ ಎಂಬ ಪ್ರಶ್ನೆ ಆ ಮನೆಗಳಲ್ಲಿ ಮಾತಿನ ಚಮತ್ಕಾರವಾಗಿರಲಿಲ್ಲ. ಚಾಟಿ ಬೀಸುತ್ತಿದ್ದವನು ಜಟಕಾದವನು, ನಿಜ. ಆದರೆ ನಾಲ್ವರು ಕೂರುವ ಗಾಡಿಯಲ್ಲಿ ಆರು ಮಂದಿ ಕುಳಿತು, ಮೇಲೆ ಹಾಸಿಗೆಯ ಸುರುಳಿ, ಟ್ರಂಕುಗಳನ್ನು ಹೇರಿಸಿ, 'ರೈಲಿಗೆ ಹೊತ್ತಾಯಿತು, ಬೇಗ ಹೊಡೆಯಪ್ಪ' ಎಂದು ಅವಸರ ಮಾಡುತ್ತಿದ್ದವರು ನಾವೇ, ಬಿಳಿಯ ಬಟ್ಟೆ ಉಟ್ಟ ಸಭ್ಯರು. ಚಾಟಿಯ ಹಿಡಿ ಅವನ ಕೈಯಲ್ಲಿದ್ದರೂ ಅದನ್ನು ಬೀಸಿಸಿದ ಅವಸರ ನಮ್ಮದು.

ಸ್ವಾತಂತ್ರ್ಯ ಬಂದಮೇಲೆ ಈ ವಿಷಯವನ್ನು ಪಾರ್ಲಿಮೆಂಟಿಗೆ ತಂದ ಕೀರ್ತಿ ಶ್ರೀಮತಿ ರುಕ್ಮಿಣೀದೇವಿ ಅರುಂಡೇಲ್ ಅವರಿಗೆ ಸಲ್ಲಬೇಕು. ಭರತನಾಟ್ಯಕ್ಕೆ ಹೊಸ ಗೌರವ ತಂದುಕೊಟ್ಟವರೆಂದು, ೧೯೩೬ರಲ್ಲಿ ಮದರಾಸಿನಲ್ಲಿ ಕಲಾಕ್ಷೇತ್ರವನ್ನು ಸ್ಥಾಪಿಸಿದವರೆಂದು ಅವರನ್ನು ನಾಡೆಲ್ಲ ಬಲ್ಲದು. ೧೯೫೨ರಲ್ಲಿ ರಾಷ್ಟ್ರಪತಿಗಳು ಅವರನ್ನು ರಾಜ್ಯಸಭೆಗೆ ನಾಮಕರಣ ಮಾಡಿದರು. ಕಲಾವಿದೆಯೊಬ್ಬರು ಅಲ್ಲಿಗೆ ಹೋಗಿ ಕಲೆಯ ಮಾತನ್ನೇ ಆಡುವರೆಂದು ಎಲ್ಲರೂ ಭಾವಿಸಿದ್ದಾಗ, ಅವರು ತಂದದ್ದು ೧೯೫೩ರ ಪ್ರಾಣಿಹಿಂಸೆ ತಡೆ ಮಸೂದೆಯನ್ನು. ಖಾಸಗಿ ಸದಸ್ಯರ ಮಸೂದೆ ಅದು. ೧೯೫೪ರಲ್ಲಿ ಚರ್ಚೆ ನಡೆದಾಗ ಪ್ರಧಾನಿ ನೆಹರೂ ಅವರು ಸಹಾನುಭೂತಿ ತೋರಿಸಿ, ಸರ್ಕಾರವೇ ಈ ಕೆಲಸವನ್ನು ವಹಿಸಿಕೊಳ್ಳುವುದೆಂದು ಭರವಸೆ ಕೊಟ್ಟದ್ದರಿಂದ ರುಕ್ಮಿಣೀದೇವಿಯವರು ಮಸೂದೆಯನ್ನು ಹಿಂತೆಗೆದುಕೊಂಡರು. ಸಮಿತಿ ಕುಳಿತಿತು, ವಿಚಾರಣೆ ನಡೆಯಿತು. ಕೊನೆಗೆ ೧೯೬೦ರ ಡಿಸೆಂಬರಿನಲ್ಲಿ ಕಾಯಿದೆ ಹೊರಬಂತು. ಅದರಂತೆ ೧೯೬೨ರಲ್ಲಿ ಪ್ರಾಣಿ ಕಲ್ಯಾಣ ಮಂಡಲಿ ಏರ್ಪಟ್ಟಿತು. ರುಕ್ಮಿಣೀದೇವಿಯವರೇ ಅದರ ಮೊದಲ ಅಧ್ಯಕ್ಷೆ. ೧೯೮೬ರಲ್ಲಿ ತೀರಿಕೊಳ್ಳುವವರೆಗೂ ಅವರು ಆ ಹೊಣೆ ಹೊತ್ತರು.

ಹೊಸ ಕಾಯಿದೆ ಹಲವು ವಿಧದಲ್ಲಿ ಹಳೆಯದಕ್ಕಿಂತ ಮೇಲು. ಬೀದಿ, ಮನೆ ಎಂಬ ಭೇದವಿಲ್ಲ. ಹಿಂಸೆಯ ಬಗೆಗಳನ್ನು ಒಂದೊಂದಾಗಿ ಎಣಿಸಿ ಹೇಳಿದೆ. ಹೊಡೆದವನಷ್ಟೇ ಅಲ್ಲ, ಅದಕ್ಕೆ ಎಡೆಗೊಟ್ಟ ಒಡೆಯನೂ ತಪ್ಪಿತಸ್ಥನೆಂದು ಹೇಳಿದೆ. ಆದರೆ ಅಂಕಿಯ ಮಾತಿಗೆ ಬಂದರೆ ಆಶ್ಚರ್ಯವಾಗುತ್ತದೆ. ೧೮೯೦ರಲ್ಲಿ ಪರಕೀಯರ ಸರ್ಕಾರ ೧೦೦ ರೂಪಾಯಿವರೆಗೆ ಜುಲ್ಮಾನೆ ಇಟ್ಟಿದ್ದಲ್ಲಿ, ೧೯೬೦ರಲ್ಲಿ ನಮ್ಮದೇ ಪಾರ್ಲಿಮೆಂಟು ಮೊದಲ ತಪ್ಪಿಗೆ ೫೦ ರೂಪಾಯಿಯನ್ನು ಮಿತಿಯಾಗಿಟ್ಟಿತು. ಮೂರು ವರ್ಷದೊಳಗೆ ಮತ್ತೆ ಅದೇ ತಪ್ಪು ಮಾಡಿದರೆ ೧೦೦ ರೂಪಾಯಿ, ಅಥವಾ ಮೂರು ತಿಂಗಳ ಸೆರೆ, ಅಥವಾ ಎರಡೂ. ಗಾಡಿ ಹೊಡೆಯುವ ಬಡವನ ಮುಖ ಸದಸ್ಯರ ಕಣ್ಣೆದುರಿಗಿದ್ದಿರಬಹುದು. ಅಂದಿನ ೫೦ ರೂಪಾಯಿ ಒಬ್ಬ ಕೂಲಿಯವನಿಗೆ ಹಗುರವೇನೂ ಆಗಿರಲಿಲ್ಲ. ಆದರೆ ರೂಪಾಯಿಯ ಬೆಲೆ ಇಳಿಯುತ್ತ ಬಂದಂತೆ ಶಿಕ್ಷೆಯೂ ತಾನೇ ತಾನಾಗಿ ಕರಗಿತು. ೧೯೮೨ರಲ್ಲಿ ತಿದ್ದುಪಡಿಯಾದಾಗಲೂ ಮೇಲಿನ ಮಿತಿ ಏರಲಿಲ್ಲ. ೧೦ ರೂಪಾಯಿಗಿಂತ ಕಡಮೆ ಹಾಕಕೂಡದು ಎಂಬ ಕೆಳಗಿನ ಮಿತಿಯಷ್ಟೇ ಸೇರಿತು.

ಆಗಿನ ಪಾರ್ಲಿಮೆಂಟಿಗೆ ಬಿಗಿಯಾದ ಶಿಕ್ಷೆ ವಿಧಿಸುವುದು ಗೊತ್ತಿರಲಿಲ್ಲವೆಂದಲ್ಲ. ಅದೇ ಕಾಯಿದೆಯ ಹನ್ನೆರಡನೆಯ ಕಲಮನ್ನು ನೋಡಿ. ಹಾಲು ಹೆಚ್ಚಾಗಿ ಇಳಿಯಲೆಂದು ಹಸುವಿನ ಜನನಾಂಗದೊಳಗೆ ಗಾಳಿಯನ್ನೋ ಬೇರೆ ವಸ್ತುವನ್ನೋ ತೂರಿಸುವ 'ಫೂಕಾ' ಎಂಬ ಹೇಯ ಪದ್ಧತಿ ಉತ್ತರದ ಕೆಲವು ಊರುಗಳಲ್ಲಿತ್ತು. ಗಾಂಧೀಜಿಯವರಿಗೆ ಹಾಲಿನ ಮೇಲೆಯೇ ಜುಗುಪ್ಸೆ ಹುಟ್ಟುವುದಕ್ಕೆ ಇದೂ ಒಂದು ಕಾರಣವೆಂದು ಅವರ ಆತ್ಮಕಥೆಯಿಂದ ತಿಳಿಯುತ್ತದೆ. ಇದಕ್ಕೆ ಕಾಯಿದೆ ಇಟ್ಟ ಶಿಕ್ಷೆ ೧,೦೦೦ ರೂಪಾಯಿವರೆಗೆ ಜುಲ್ಮಾನೆ, ಅಥವಾ ಎರಡು ವರ್ಷದವರೆಗೆ ಸೆರೆ, ಅಥವಾ ಎರಡೂ. ಲಾಭಕ್ಕಾಗಿ ಮಾಡುವ ಹಿಂಸೆಗೂ ಬಡತನದ ಒತ್ತಡದಲ್ಲಿ ನಡೆಯುವ ಹಿಂಸೆಗೂ ಭೇದವಿದೆ ಎಂಬ ತಿಳಿವಳಿಕೆ ಇಲ್ಲಿ ಕಾಣುತ್ತದೆ. ಆ ತಿಳಿವಳಿಕೆಯನ್ನು ಒಂದು ಕಲಮಿಗೇ ನಿಲ್ಲಿಸಿದ್ದು ದುರದೃಷ್ಟ.

ಅಂಕಿಯಷ್ಟೇ ಅಲ್ಲ, ಕಾಯಿದೆಯ ಕೈಕಾಲುಗಳೂ ದುರ್ಬಲವಾಗಿವೆ. ಫೂಕಾ, ಪ್ರಾಣಿಗಳನ್ನು ಕಾದಾಡಿಸುವುದು, ಕ್ರೂರವಾಗಿ ಕೊಲ್ಲುವುದು ಮೊದಲಾದ ಕೆಲವನ್ನು ಬಿಟ್ಟರೆ ಉಳಿದ ತಪ್ಪುಗಳಿಗೆ ಪೊಲೀಸರು ವಾರಂಟಿಲ್ಲದೆ ದಸ್ತಗಿರಿ ಮಾಡುವಂತಿಲ್ಲ. ತಪ್ಪು ನಡೆದ ಮೂರು ತಿಂಗಳೊಳಗೆ ಮೊಕದ್ದಮೆ ಹೂಡದಿದ್ದರೆ ಆಮೇಲೆ ಹೂಡಲು ಬರುವುದಿಲ್ಲ. ೧೯೬೫ರ ನಿಯಮಗಳ ಪ್ರಕಾರ ಗಾಡಿಯ ಪ್ರಾಣಿಯನ್ನು ದಿನಕ್ಕೆ ಒಟ್ಟು ಒಂಬತ್ತು ಗಂಟೆಗೆ ಮೀರಿ ದುಡಿಸಬಾರದು, ಬಿಡುವಿಲ್ಲದೆ ಐದು ಗಂಟೆಗೆ ಮೀರಿ ದುಡಿಸಬಾರದು, ೩೭ ಡಿಗ್ರಿ ಸೆಂಟಿಗ್ರೇಡಿಗೆ ಮೀರಿದ ಬಿಸಿಲಿದ್ದಲ್ಲಿ ಹನ್ನೆರಡರಿಂದ ಮೂರು ಗಂಟೆಯವರೆಗೆ ಹೂಡಬಾರದು. ಕತ್ತೆಯ ಬೆನ್ನಿಗೆ ೫೦ ಕಿಲೋಗ್ರಾಮಿಗೆ ಮೀರಿ ಹೊರಿಸಬಾರದು. ಎಷ್ಟು ಸೊಗಸಾದ ನಿಯಮಗಳು! ಇಟ್ಟಿಗೆ, ಮರಳು ಹೊರುವ ಕತ್ತೆಗಳನ್ನು ಕಂಡವರು ಈ ೫೦ ಕಿಲೋಗ್ರಾಮಿನ ತಕ್ಕಡಿ ಎಲ್ಲಿದೆ ಎಂದು ಕೇಳಬಹುದು.

ಸುಪ್ರೀಂ ಕೋರ್ಟು ಈ ದೌರ್ಬಲ್ಯವನ್ನು ಗಮನಿಸದೆ ಇಲ್ಲ. ೨೦೧೪ರ ಮೇ ೭ರಂದು ಜಲ್ಲಿಕಟ್ಟು ಮತ್ತು ಎತ್ತಿನಗಾಡಿಯ ಪಂದ್ಯಗಳನ್ನು ಕುರಿತು ತೀರ್ಪು ಕೊಡುವಾಗ, ಹನ್ನೊಂದನೆಯ ಕಲಮಿನ ಶಿಕ್ಷೆ ಸಾಲದು, ಪಾರ್ಲಿಮೆಂಟು ಕಾಯಿದೆಯನ್ನು ತಿದ್ದಿ ತಕ್ಕ ಶಿಕ್ಷೆಯನ್ನು ವಿಧಿಸುವುದೆಂದು ನಿರೀಕ್ಷಿಸುತ್ತೇವೆ ಎಂಬ ಅರ್ಥದಲ್ಲಿ ನ್ಯಾಯಮೂರ್ತಿಗಳು ಬರೆದರು. ಆ ತೀರ್ಪಿನ ಬಿಸಿ ನಮ್ಮ ಕರಾವಳಿಯ ಕಂಬಳದ ಗದ್ದೆಗೂ ತಟ್ಟಿತು. ಆಮೇಲೆ ಕರ್ನಾಟಕವು ಕಾಯಿದೆಯನ್ನು ತನ್ನ ಮಟ್ಟಿಗೆ ತಿದ್ದಿ ಕಂಬಳಕ್ಕೆ ಅವಕಾಶ ಮಾಡಿಕೊಂಡದ್ದು, ೨೦೨೩ರ ಮೇ ೧೮ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿದದ್ದು ಓದುಗರಿಗೆ ತಿಳಿದ ವಿಷಯ. ಇದರ ಪರವಿರೋಧಕ್ಕೆ ನಾನಿಲ್ಲಿ ಹೋಗುವುದಿಲ್ಲ. ರಾಜ್ಯಗಳು ವಿನಾಯಿತಿಗಾಗಿ ಕಾಯಿದೆಯನ್ನು ತಿದ್ದುವುದಕ್ಕೆ ಕೆಲವೇ ವರ್ಷ ಸಾಕಾಯಿತು. ೫೦ ರೂಪಾಯಿಯ ಅಂಕಿಯನ್ನು ತಿದ್ದುವುದಕ್ಕೆ ಆರು ದಶಕ ಸಾಲದೆ ಹೋಯಿತು ಎಂಬುದಷ್ಟನ್ನೇ ಗುರುತಿಸಿದರೆ ಸಾಕು.

೨೦೨೨ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಒಂದು ತಿದ್ದುಪಡಿಯ ಕರಡನ್ನು ಪ್ರಕಟಿಸಿ ಜನಾಭಿಪ್ರಾಯ ಕೇಳಿತು. ಘೋರ ಹಿಂಸೆಗೆ ೫೦,೦೦೦ ರೂಪಾಯಿಗೆ ಕಡಮೆಯಿಲ್ಲದ ಜುಲ್ಮಾನೆ, ಇಲ್ಲವೆ ಒಂದರಿಂದ ಮೂರು ವರ್ಷದ ಸೆರೆ, ಇಲ್ಲವೆ ಎರಡೂ. ಕೊಂದರೆ ಐದು ವರ್ಷಗಳವರೆಗೆ ಸೆರೆ ಎಂದು ಅದರಲ್ಲಿತ್ತು. ೨೦೨೩ ಕಳೆಯಿತು, ೨೦೨೪ ಕಳೆಯಿತು. ಕರಡು ಕರಡಾಗಿಯೇ ಉಳಿದಿತ್ತು. ನಡುವೆ ಪೀನಲ್ ಕೋಡು ಹೋಗಿ ೨೦೨೪ರ ಜುಲೈ ಒಂದರಿಂದ ಭಾರತೀಯ ನ್ಯಾಯ ಸಂಹಿತೆ ಬಂತು. ಅದರ ೩೨೫ನೆಯ ಕಲಮಿನಲ್ಲಿ ೧೦ ರೂಪಾಯಿ, ೫೦ ರೂಪಾಯಿಯ ಬೆಲೆಪಟ್ಟಿ ಮಾಯವಾಯಿತು. ಯಾವ ಪ್ರಾಣಿಯನ್ನು ಕೊಂದರೂ, ಅಂಗಹೀನ ಮಾಡಿದರೂ ಐದು ವರ್ಷಗಳವರೆಗೆ ಸಜಾ ಆಗಬಹುದು. ಇದು ಸಣ್ಣ ಹೆಜ್ಜೆಯಲ್ಲ. ಆದರೂ ಆ ಕಲಮು ಕುಳಿತಿರುವುದು ಹಿಂದಿನಂತೆ ಆಸ್ತಿಯ ಅಪರಾಧಗಳ ಅಧ್ಯಾಯದಲ್ಲಿಯೇ. ಪ್ರಾಣ ಉಳಿದು, ದಿನವೂ ಹೊಡೆತ, ಹಸಿವು, ಹೊರೆಗಳನ್ನು ಅನುಭವಿಸುವ ಪ್ರಾಣಿಗೆ ಮಾತ್ರ ಹಳೆಯ ೫೦ ರೂಪಾಯಿಯ ಕಲಮೇ ಗತಿಯಾಗಿ ಉಳಿಯಿತು.

'ಕಾಯಿದೆಯಿಂದ ಕರುಣೆ ಹುಟ್ಟೀತೆ?' ಎಂದು ಕೇಳುವವರುಂಟು. ಹುಟ್ಟದು. ಕಾಯಿದೆಯಿಂದ ಪ್ರಾಮಾಣಿಕತೆಯೂ ಹುಟ್ಟುವುದಿಲ್ಲ; ಅದಕ್ಕಾಗಿ ಕಳ್ಳತನದ ಜುಲ್ಮಾನೆಯನ್ನು ೧೦ ರೂಪಾಯಿಗೆ ಇಳಿಸಬೇಕೆಂದು ಯಾರೂ ಹೇಳುವುದಿಲ್ಲ. ಅಂಕಿ ತೀರ ಸಣ್ಣದಾದಾಗ ಆಗುವ ಕೇಡು ತಪ್ಪಿತಸ್ಥ ಪಾರಾಗುವನೆಂಬುದೊಂದೇ ಅಲ್ಲ. ದೂರು ಕೊಡುವವನಿಗೆ ಬೇಸರ, ಬರೆದುಕೊಳ್ಳುವ ಪೊಲೀಸಿನವನಿಗೆ ತಾತ್ಸಾರ, ಕೇಳುವ ಕೋರ್ಟಿಗೆ ಅವಸರ. ಎಲ್ಲರೂ ಸೇರಿ ಇದು ದೊಡ್ಡ ಸಂಗತಿಯಲ್ಲವೆಂದು ತೀರ್ಮಾನಿಸಿಬಿಡುತ್ತಾರೆ. ೧೮೨೧ರಲ್ಲಿ ಕತ್ತೆಯ ಹೆಸರೆತ್ತಿದಾಗ ಲಂಡನ್ನಿನ ಸಭೆ ನಕ್ಕಿತು. ನಮ್ಮ ೧೦ ರೂಪಾಯಿಯಲ್ಲಿ ಆ ನಗೆಯೇ ಸದ್ದಿಲ್ಲದೆ ಉಳಿದುಕೊಂಡಿದೆ.

'ಬಡವನು ಸಾಯುತ್ತಾನೆ' ಎಂಬ ಎರಡನೆಯ ಆಕ್ಷೇಪಣೆ ಇದಕ್ಕಿಂತ ಗಂಭೀರವಾದದ್ದು. ವಿಂಡಮ್ ಆಡಿದ ಮಾತಿನಲ್ಲಿ ಕುಯುಕ್ತಿಯಿದ್ದರೂ ಕಲ್ಕತ್ತೆಯ ಗಾಡಿಯವರ ರಕ್ತ ಕುಯುಕ್ತಿಯಲ್ಲ. ಆದ್ದರಿಂದ ಅಂಕಿಯನ್ನು ಏರಿಸುವಾಗ ಅದು ಯಾರ ಹೆಗ್ಗತ್ತಿನ ಮೇಲೆ ಕೂರಬೇಕೆಂಬುದನ್ನೂ ಜೊತೆಗೆ ಬರೆಯಬೇಕು. ಕಾಯಿದೆಯಲ್ಲಿ ಇದಕ್ಕೆ ಬೀಜವಿದೆ. ಪ್ರಾಣಿಯ ಒಡೆಯನು ತಕ್ಕ ಎಚ್ಚರ ವಹಿಸದಿದ್ದರೆ ಅವನೂ ಹಿಂಸೆಗೆ ಎಡೆಗೊಟ್ಟಂತೆಯೇ. ಆದರೆ ಅದರ ಬೆನ್ನಿಗೇ, ಅಂಥ ಅಜಾಗರೂಕತೆಯೊಂದೇ ತಪ್ಪಾದ ಒಡೆಯನಿಗೆ ಜುಲ್ಮಾನೆಯ ಆಯ್ಕೆಯಿಲ್ಲದೆ ಸೆರೆವಾಸ ವಿಧಿಸಬಾರದೆಂಬ ರಕ್ಷಣೆಯನ್ನೂ ಕೊಟ್ಟಿದೆ. ಹೊರೆಯನ್ನು ಹೇರಿಸಿದ ಸರಕಿನ ಯಜಮಾನನಂತೂ ಬಹುಮಟ್ಟಿಗೆ ಕಲಮಿನ ಹೊರಗೇ ನಿಲ್ಲುತ್ತಾನೆ. ಲಾರಿಯಲ್ಲಿ ನಿಲ್ಲಲೂ ಎಡೆಯಿಲ್ಲದಂತೆ ದನಗಳನ್ನು ತುರುಕಿದಾಗ ಸಿಕ್ಕಿಬೀಳುವವನು ಡ್ರೈವರು. ತುರುಕಿಸಿದವನ ಹೆಸರು ಕಾಗದದ ಮೇಲೆ ಬರುವುದೇ ಅಪರೂಪ. ಲಾಭ ಯಾರಿಗೆ ಸೇರುತ್ತದೆಯೋ ದಂಡವೂ ಅವರನ್ನು ಹುಡುಕಿಕೊಂಡು ಹೋಗಬೇಕು. ಫೂಕಾದ ಕಲಮಿನಲ್ಲಿ ಕಂಡ ಬಿಗಿಯನ್ನು ಲಾಭದ ಹಿಂಸೆಗೆಲ್ಲ ವಿಸ್ತರಿಸಬೇಕು. ಗಾಡಿಯವನ ಮೊದಲ ತಪ್ಪಿಗೆ ಎಚ್ಚರಿಕೆ, ತಿಳಿವಳಿಕೆ, ಹೊರೆ ಇಳಿಸುವ ಆಜ್ಞೆ. ಮೋಜಿಗಾಗಿ ನಾಯಿಯ ಮೇಲೆ ಕುದಿಯುವ ನೀರೆರಚಿದವನಿಗೂ ಅದೇ ಎಚ್ಚರಿಕೆ ಸಾಲದು. ಕಲಮೊಂದೇ, ಜುಲ್ಮಾನೆಯೊಂದೇ ಎಂದು ಇಬ್ಬರನ್ನೂ ಒಂದೇ ಹಗ್ಗಕ್ಕೆ ಕಟ್ಟಿರುವುದೇ ಈಗಿನ ಅನ್ಯಾಯ.

ಕೊನೆಯದಾಗಿ, ಕೌಟಿಲ್ಯನ ಆ ಚಿಕಿತ್ಸೆಯ ವೆಚ್ಚ. ೧೯೬೦ರ ಕಾಯಿದೆಯಲ್ಲಿಯೂ ಗಾಯಗೊಂಡ ಪ್ರಾಣಿಯನ್ನು ಚಿಕಿತ್ಸಾಲಯಕ್ಕೋ ಪಿಂಜರಾಪೋಲಿಗೋ ಕಳುಹಿಸಿದರೆ ಅದರ ಖರ್ಚನ್ನು ಒಡೆಯನು ಕೊಡಬೇಕೆಂದಿದೆ. ಒಡೆಯನೇ ಇಲ್ಲದ ಪ್ರಾಣಿಯನ್ನು ದಾರಿಹೋಕನೊಬ್ಬ ಹೊಡೆದು ಕಾಲು ಮುರಿದರೆ? ಆ ಖರ್ಚು ಬೀಳುವುದು ಅದನ್ನು ಎತ್ತಿಕೊಂಡು ಹೋದ ಪುಣ್ಯಾತ್ಮನ ಮೇಲೆ. ಹೊಡೆದವನು ಕೆಲವು ರೂಪಾಯಿ ತೆತ್ತು ಮನೆಗೆ ಹೋಗುತ್ತಾನೆ. ಕರುಣೆ ತೋರಿದವನು ಸಾವಿರಾರು ರೂಪಾಯಿಯ ಬಿಲ್ಲು ತೆರುತ್ತಾನೆ. ಕ್ರೌರ್ಯಕ್ಕಿಂತ ಕರುಣೆಗೇ ಹೆಚ್ಚು ಜುಲ್ಮಾನೆ ಬೀಳುವ ಈ ವ್ಯವಸ್ಥೆಯನ್ನು ತಿದ್ದುವುದಕ್ಕೆ ಹೊಸ ತತ್ವವೇನೂ ಬೇಕಾಗಿಲ್ಲ. ನೋವು ಮಾಡಿದವನೇ ಪ್ರಾಣಿ ಎದ್ದು ನಿಲ್ಲುವವರೆಗಿನ ವೆಚ್ಚವನ್ನು ಕೊಡಬೇಕೆಂಬ ಮಾತು ಮೈಸೂರಿನ ತಾಳೆಗರಿಯಲ್ಲಿ ಬಹಳ ಹಿಂದಿನಿಂದಲೇ ಇತ್ತು. ಪಾರ್ಲಿಮೆಂಟು ಕರಡನ್ನು ಕೈಗೆತ್ತಿಕೊಳ್ಳುವ ದಿನ, ಅಂಕಿಯ ಜೊತೆಗೆ ಈ ಒಂದು ವಾಕ್ಯವನ್ನೂ ಸೇರಿಸಿದರೆ, ರುಕ್ಮಿಣೀದೇವಿಯವರು ೧೯೫೩ರಲ್ಲಿ ತೊಡಗಿದ ಕೆಲಸ ಒಂದು ಹೆಜ್ಜೆ ಮುಂದೆ ಹೋದಂತಾದೀತು.